ಮೈದುನನಿಗೆ ಕೊಟ್ಟ ಎಂಟನೆಯ ಹಾಡು

ನನ್ನ ಗಂಡನ ತಮ್ಮ ತನ್ನನ್ನು ತಾನೇ ಹಳ್ಳಿ ಹಾಡುಗಾರ ಎಂದು ಕರೆದುಕೊಳ್ಳುತ್ತಾನೆ. ಹುಟ್ಟಿದ್ದು ಮಂಗಳೂರು ಪೇಟೆಯ ಎರಡನೇ ಮಾಳಿಗೆಯಲ್ಲಿ, ಆಡಿದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ. ಇಪ್ಪತ್ತೆರಡು ತುಂಬುವ ಮೊದಲೇ ಸೌದಿಗೆ ಬಂದು ಖೋಬರಿನ ಒಂದು ಕಂಪೆನಿಯ ಖರೀದಿ ವಿಭಾಗದಲ್ಲಿ ಎ.ಸಿ.ಯ ಕೆಳಗೆ ಕುಳಿತವನು. ಗದ್ದೆಯ ಹುಣಿಯ ಮೇಲೆ ಹತ್ತು ಹೆಜ್ಜೆ ನಡೆಸಿದರೆ ಹನ್ನೊಂದನೆಯದಕ್ಕೆ ಕೆಸರಿನಲ್ಲಿರುತ್ತಾನೆ. ನನ್ನ ಗಂಡನೂ ಅದೇ ಮಾಳಿಗೆಯಲ್ಲಿ ಹುಟ್ಟಿದವರು. ಆದರೆ ಅವರು ಹಾಡುವುದಿಲ್ಲ, ಹಳ್ಳಿಯವನೆಂದು ಹೇಳಿಕೊಳ್ಳುವುದೂ ಇಲ್ಲ. ಹಾಗಾಗಿ ಅವರ ಮೇಲೆ ನನಗೆ ದೂರಿಲ್ಲ.

ಅವನ ಮೊದಲ ಆಲ್ಬಮ್‌ನ ಪೋಸ್ಟರ್ ಇವತ್ತಿಗೂ ನನ್ನ ಫೋನಿನಲ್ಲಿದೆ. ಅಳಿಸಿಲ್ಲ. ಸಿಟ್ಟು ತಣ್ಣಗಾಗುತ್ತಿದೆ ಅನ್ನಿಸಿದಾಗ ತೆಗೆದು ನೋಡುತ್ತೇನೆ. ಚೌಕುಳಿ ಲುಂಗಿ, ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಕೈಯಲ್ಲಿ ಲಾಟೀನು. ತೆಂಗಿನ ಮರ ಸಿಗದ್ದಕ್ಕೆ ಖೋಬರಿನ ಸಮುದ್ರದಂಡೆಯ ಖರ್ಜೂರದ ಮರಕ್ಕೆ ಒರಗಿ ನಿಂತಿದ್ದಾನೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಫೋಟೋ. ಲಾಟೀನು ಯಾಕೆ ಎಂದು ಅವನನ್ನು ಯಾರೂ ಕೇಳಿರಲಿಕ್ಕಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ ಅವನ ಹೆಸರು. ಅದರ ಕೆಳಗೆ 'ಹಾಡು, ಸಂಗ್ರಹ, ಸಂಗೀತ' ಎಂದು ಬರೆದು ಮತ್ತೆ ಅವನದೇ ಹೆಸರು.

ಆಲ್ಬಮ್‌ನಲ್ಲಿ ಎಂಟು ಹಾಡು. ಎಂಟೂ ನಾನು ಕಲಿಸಿದವು. ಏಳನ್ನು ಪ್ರೀತಿಯಿಂದ ಕಲಿಸಿದೆ. ಎಂಟನೆಯದನ್ನು ಅವನು ಹಾಳಾಗಿ ಹೋಗಲಿ ಎಂದು ಕಲಿಸಿದೆ.

ಹಾಡುಗಳೆಲ್ಲ ನನ್ನ ಅಜ್ಜಿಯವು. ನಾವು ಹೊಳೆಬದಿಯ ಬ್ಯಾರಿಗಳು. ಮನೆಮಾತು ಬ್ಯಾರಿ, ಶಾಲೆಯದು ಕನ್ನಡ. ಮದುವೆಯ ಮನೆಯಲ್ಲಿ ಮದುಮಗಳನ್ನು ನಡುವೆ ಕೂರಿಸಿ, ಹೆಂಗಸರು ಸುತ್ತ ನಿಂತು ಚಪ್ಪಾಳೆ ತಟ್ಟಿ ಹಾಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಕೈಗೆ ಮದರಂಗಿ ಹಚ್ಚುವಾಗ ಒಂದು ಹಾಡು, ಮಲ್ಲಿಗೆ ಮುಡಿಸುವಾಗ ಒಂದು, ಮದುಮಗನ ಕಡೆಯ ಹೆಂಗಸರು ಬಂದು ಗತ್ತಿನಲ್ಲಿ ಕೂತಾಗ ಅವರ ಕಾಲೆಳೆಯಲು ಇನ್ನೊಂದು. ಗಂಡಸರು ಹೊರಗೆ ಚಪ್ಪರದಲ್ಲಿ ಕೂತು ಉಣ್ಣುತ್ತಾರೆ. ಒಳಗಿನ ಹಾಡು ಅವರ ಕಿವಿಗೂ ಬೀಳುತ್ತದೆ, ಆದರೆ ಯಾವುದು ಯಾವಾಗ, ಯಾಕೆ ಎಂದು ಒಬ್ಬನಿಗೂ ಗೊತ್ತಿರುವುದಿಲ್ಲ. ಸುತ್ತಲಿನ ಏಳೆಂಟು ಊರುಗಳಲ್ಲಿ ಮದುವೆ ಎಂದರೆ ಅಜ್ಜಿಗೆ ಕರೆ ಬರುತ್ತಿತ್ತು. ಅವಳ ಸೆರಗು ಹಿಡಿದು ಹೋಗಿ ಹೋಗಿ ನಾನೂ ಕಲಿತೆ.

ಮದುವೆಯಾಗಿ ಖೋಬರಿಗೆ ಬಂದು ಹದಿನೆಂಟು ವರ್ಷವಾಯಿತು. ಗಂಡನಿಗೆ ಎ.ಸಿ. ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ. ನಮ್ಮ ಮನೆ ಥುಕ್ಬಾದಲ್ಲಿ, ಸೋಫಾ ಹೊಲಿಯುವ ಅಂಗಡಿಯೊಂದರ ಮೇಲೆ. ನಮ್ಮ ಊರಿನವರು ವರ್ಷಕ್ಕೆ ನಾಲ್ಕೈದು ಸಲ ಪೇಟೆಯ ಹೊರಗೆ ಒಂದು ಇಸ್ತಿರಾಹ ಬಾಡಿಗೆಗೆ ಹಿಡಿದು ಸೇರುತ್ತಾರೆ. ಇಸ್ತಿರಾಹ ಎಂದರೆ ಸುತ್ತ ಎತ್ತರದ ಗೋಡೆ, ಒಳಗೆ ಎರಡು ಹಾಲ್, ಒಂದು ಗಂಡಸರಿಗೆ, ಒಂದು ಹೆಂಗಸರಿಗೆ. ಹೆಂಗಸರ ಹಾಲ್‌ನಲ್ಲಿ ನಾನು ಹಾಡುತ್ತಿದ್ದೆ. ಎಲ್ಲರೂ ಬಾ ಬಾ ಎಂದು ಎಳೆದು ನಡುವೆ ನಿಲ್ಲಿಸುತ್ತಿದ್ದರು. ಗಂಡಸರ ಹಾಲ್‌ನಲ್ಲಿ ನನ್ನ ಮೈದುನ ಮೈಕ್ ಹಿಡಿದು ಹಿಂದಿ ಸಿನೆಮಾ ಹಾಡು ಹೇಳುತ್ತಿದ್ದ. ಕಂಠ ಒಳ್ಳೆಯದೇ. ಇಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋದೀತು.

ಒಂದು ಶುಕ್ರವಾರ ಊಟಕ್ಕೆ ಬಂದವನು ಮೀನಿನ ಮುಳ್ಳು ಬಿಡಿಸುತ್ತಾ ಹೇಳಿದ, "ಅತ್ತಿಗೆ, ಈಗ ಊರಿನ ಹಾಡಿಗೆ ಭಾರೀ ಡಿಮ್ಯಾಂಡ್ ಉಂಟು. ಸಿನೆಮಾ ಹಾಡು ಹೇಳುವವರು ಗಲ್ಲಿಗೊಬ್ಬರು. ಸ್ಟುಡಿಯೋದಲ್ಲಿ ಸರಿ ಮಾಡಿ ಒಂದು ಆಲ್ಬಮ್ ತೆಗೀವ ಅಂತ. ನಿಮ್ಮ ಹತ್ರ ಇರುವುದನ್ನೆಲ್ಲ ಕಲಿಸಿ ಕೊಡ್ತೀರಾ?"

"ಕಲಿಸಿದ್ರೆ ನನಗೆಂತ ಸಿಗ್ತದೆ ಮಾರಾಯ?" ಎಂದು ತಮಾಷೆಗೆ ಕೇಳಿದೆ.

"ಎರಡು ಹಾಡು ನೀವೇ ಹೇಳಿ. ನಿಮ್ಮ ಸ್ವರದಲ್ಲೇ ಬರ್ಲಿ. ಕವರಿನಲ್ಲಿ ನಿಮ್ಮ ಹೆಸರೂ ಹಾಕುವ."

ತಮಾಷೆಗೆ ಕೇಳಿದ್ದಕ್ಕೆ ಅಂಥ ಉತ್ತರ ಬಂದೀತೆಂದು ನಾನು ಎಣಿಸಿರಲಿಲ್ಲ. ಗಂಡನ ಮುಖ ನೋಡಿದೆ. ಅವರು, "ಹಾಡ್ಲಿ, ಅದಕ್ಕೆಂತ" ಎಂದು ಸಾರು ಬಡಿಸಿಕೊಂಡರು. ಆ ದಿನ ಪಾತ್ರೆ ತೊಳೆಯುವಾಗ ನಾನು ಹಾಡುತ್ತಾ ತೊಳೆದೆ.

ಮೂರು ತಿಂಗಳು, ಪ್ರತಿ ಶುಕ್ರವಾರ ಕಲಿಸಿದೆ. ಅವನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಈ ಸಾಲನ್ನು ಎರಡು ಸಲ ಹೇಳಬಹುದಾ, ಇಲ್ಲಿ ಕೊಳಲು ಹಾಕಿದರೆ ಹೇಗೆ, ಉದ್ದವಾಯಿತು ನಡುವೆ ಕತ್ತರಿಸಲಾ, ಇಷ್ಟೇ ಅವನ ಪ್ರಶ್ನೆ. ಇದು ಮದುಮಗಳ ಸೋದರತ್ತೆಯೇ ಎತ್ತಬೇಕಾದ ಹಾಡು, ಇದನ್ನು ಎಣ್ಣೆ ಹಚ್ಚುವ ಮೊದಲೇ ಹೇಳಬೇಕು ಎಂದು ನಾನು ಹೇಳಲು ಹೊರಟರೆ ಕೈ ಅಡ್ಡ ಹಿಡಿಯುತ್ತಿದ್ದ. "ಅದೆಲ್ಲ ಬೇಡ ಅತ್ತಿಗೆ, ನೀವು ಟ್ಯೂನ್ ಮಾತ್ರ ಕೊಡಿ." ಸಂತೆಯಲ್ಲಿ ಸೊಪ್ಪು ಕೊಳ್ಳುವವನಾದರೂ ಯಾವುದಕ್ಕೆ ಹಾಕುವುದೆಂದು ಕೇಳುತ್ತಾನೆ. ಇವನು ಅದನ್ನೂ ಕೇಳಲಿಲ್ಲ. ಆಗ ನನಗೆ ಅದರಿಂದ ಬೇಸರವೇನೂ ಆಗಲಿಲ್ಲ. ನನ್ನ ಎರಡು ಹಾಡಿನ ಮೇಲೆಯೇ ಜೀವ ಇತ್ತು.

ಸ್ಟುಡಿಯೋ ಎಂದರೆ ಅಂಗಡಿ ಸಾಲಿನ ಮೇಲಿನ ಒಂದು ಕೋಣೆ. ಗೋಡೆಗೆಲ್ಲ ಸ್ಪಂಜು ಅಂಟಿಸಿದ್ದರು. ಗಾಜಿನ ಆಚೆ ಕೂತ ರೆಕಾರ್ಡಿಂಗಿನವನು ಮಲಬಾರಿನವನು, ನನ್ನೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದ. ತಲೆವಸ್ತ್ರದ ಮೇಲೆ ಹೆಡ್‌ಫೋನ್ ನಿಲ್ಲದೆ ಜಾರುತ್ತಿತ್ತು. ಕೊನೆಗೆ ನನ್ನ ಮಗಳ ಕೂದಲಿನ ಕ್ಲಿಪ್ಪು ಹಾಕಿ ನಿಲ್ಲಿಸಿದೆವು. ಮೊದಲ ಸಲ ತೊಡರಿದೆ. ಎರಡನೆಯ ಸಲ ಕಣ್ಣು ಮುಚ್ಚಿಕೊಂಡು, ಅಜ್ಜಿಯ ಪಕ್ಕ ನಿಂತ ಹಾಗೆ ಎಣಿಸಿಕೊಂಡು ಹಾಡಿದೆ. ಮುಗಿದ ಮೇಲೆ ಅವನು ಅದನ್ನು ನನಗೇ ಕೇಳಿಸಿದ. ನನ್ನ ಸ್ವರ ನನಗೆ ಹೊರಗಿನಿಂದ ಕೇಳಿದ್ದು ಅದೇ ಮೊದಲು. ಚೆನ್ನಾಗಿತ್ತು. ನಾನೇ ಹೇಳುತ್ತಿದ್ದೇನೆ, ಚೆನ್ನಾಗಿತ್ತು. ಗಾಜಿನ ಆಚೆಯವನು, "ಇತನೇ ದಿನ್ ಕಹಾಂ ಛುಪಾಕೆ ರಖಾ ಥಾ, ದೀದಿ?" ಎಂದ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು. ಮನೆಗೆ ಬಂದು, ಯಾರೂ ನೆಂಟರಿಲ್ಲದಿದ್ದರೂ ಅಕ್ಕಿಹಿಟ್ಟಿನ ನೆಯ್ಪತ್ತಿರಿ ಕರಿದೆ.

ಒಂದೂವರೆ ತಿಂಗಳ ಮೇಲೆ ಏಳು ಹಾಡುಗಳೂ ಮನೆಯವರ ಗ್ರೂಪಿಗೆ ಬಂದವು. ಮೂರನೆಯದೂ ಐದನೆಯದೂ ನನ್ನದು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರನೆಯದನ್ನು ಒತ್ತಿದೆ. ಅವನ ಸ್ವರ. ಐದನೆಯದನ್ನು ಒತ್ತಿದೆ. ಅದರಲ್ಲೂ ಅವನೇ. ನಾನು ಎಳೆದ ಕಡೆ ಎಳೆದು, ನಾನು ಉಸಿರು ತೆಗೆದುಕೊಂಡ ಕಡೆಯೇ ಉಸಿರು ತೆಗೆದುಕೊಂಡು ಹಾಡಿದ್ದ. "ಮಮ್ಮಿ, ವೇರ್ ಆರ್ ಯೂ?" ಎಂದು ಮಗಳು ಕೇಳಿದಳು. ಇರಬಹುದು, ಇನ್ನೂ ಮುಗಿದಿರಲಿಕ್ಕಿಲ್ಲ ಎಂದೆ.

ಮರುದಿನ ಸಂಜೆ ಅವನೇ ಬಂದ. ಗಂಡ ಇನ್ನೂ ಅಂಗಡಿಯಿಂದ ಬಂದಿರಲಿಲ್ಲ, ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಗಂಡ ಇಲ್ಲದ ಹೊತ್ತನ್ನೇ ನೋಡಿ ಬಂದದ್ದು ಎಂದು ಆಮೇಲೆ ಹೊಳೆಯಿತು.

"ನೀವು ಬೇಜಾರು ಮಾಡ್ಬಾರ್ದು ಅತ್ತಿಗೆ. ನಾನು ತುಂಬ ಯೋಚನೆ ಮಾಡಿದೆ. ಇದು ಮದುವೆ ಹಾಡಿನ ಆಲ್ಬಮ್ ಅಲ್ವಾ? ಮದುಮಗಳ ಎದುರು ಹಾಕುವುದು. ಎರಡನೇ ಮದುವೆ ಆದವರ ಸ್ವರ ಅದರಲ್ಲಿ ಉಂಟು ಅಂತ ನಾಳೆ ಯಾರಿಗಾದ್ರೂ ಗೊತ್ತಾದ್ರೆ? ಜನ ಒಂಥರಾ ನೋಡ್ತಾರೆ. ನಿಮಗೇ ಕಷ್ಟ."

ಹೌದು, ನನಗೆ ಇದು ಎರಡನೆಯ ಮದುವೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆದ ಮೊದಲನೆಯದು ಎಂಟು ತಿಂಗಳಿಗೆ ಮುಗಿಯಿತು. ಆ ಕಥೆ ಇಲ್ಲಿ ಬೇಡ. ಮೂರು ವರ್ಷ ತವರಿನಲ್ಲಿದ್ದೆ. ಆಮೇಲೆ ಇವರು ಗೊತ್ತಿದ್ದೇ, ಮೆಚ್ಚಿಯೇ ಕಟ್ಟಿಕೊಂಡರು. ಖೋಬರಿನಲ್ಲಿ ಅದು ಗೊತ್ತಿದ್ದದ್ದು ಮೂವರಿಗೆ: ನನಗೆ, ಗಂಡನಿಗೆ, ಈ ಮೈದುನನಿಗೆ. ಮಗಳಿಗೂ ಹೇಳಿರಲಿಲ್ಲ. ಹದಿನಾರು ವರ್ಷ ನನ್ನ ಅನ್ನ ತಿಂದ ಬಾಯಲ್ಲಿ ಆ ಮಾತು ಒಂದು ದಿನವೂ ಬಂದಿರಲಿಲ್ಲ. ಬರುವ ಹೊತ್ತಿಗೆ ಸರಿಯಾಗಿ ಬಂತು.

ಒಳಗೆ ಹೋಗಿ ಚಾಕ್ಕೆ ನೀರಿಟ್ಟೆ. ಕೆನ್ನೆಗೆ ಎರಡು ಬಾರಿಸಬೇಕೆಂದು ಅನ್ನಿಸಿತು. ಬಾರಿಸಿದ್ದರೆ ಚೆನ್ನಾಗಿತ್ತೆಂದು ಈಗಲೂ ಅನ್ನಿಸುತ್ತದೆ.

ಚಾ ಕುಡಿಯುತ್ತಾ ಅವನು ಇನ್ನೊಂದು ಮಾತು ಹೇಳಿದ. ಅವನ ಆಲ್ಬಮ್‌ನ ಖರ್ಚು ಹೊತ್ತವರು ದಮಾಮಿನಲ್ಲಿ ಅಂಗಡಿಗಳಿರುವ ನಮ್ಮ ಕಡೆಯ ಒಬ್ಬ ವ್ಯಾಪಾರಿ. ಅವರಿಗೆ ಇನ್ನೊಂದು ಹಾಡು ಬೇಕಂತೆ. ಏಳೂ ಚಪ್ಪಾಳೆಯ ಹಾಡುಗಳಾದವು, ನಿಧಾನವಾಗಿ ಹೋಗುವ, ಮನಸ್ಸಿಗೆ ತಾಗುವ ಒಂದು ಇದ್ದರೆ ಒಳ್ಳೆಯದಿತ್ತು ಎಂದರಂತೆ.

"ಅಂಥದ್ದು ಎಂತಾದ್ರೂ ಉಂಟಾ ಅತ್ತಿಗೆ, ನಿಮ್ಮ ಹತ್ರ?"

ನಾಚಿಕೆ ಎಂಬುದು ಒಂದು ಇರುತ್ತದೆ. ಸ್ವರ ಅಳಿಸಿದ, ಮುಖಕ್ಕೆ ಮಸಿ ಬಳಿದ, ಈಗ ಅದೇ ಸೋಫಾದಲ್ಲಿ ಕೂತು, ಅದೇ ಲೋಟದಲ್ಲಿ ಚಾ ಕುಡಿಯುತ್ತಾ ಇನ್ನೊಂದು ಕೊಡಿ ಎನ್ನುತ್ತಿದ್ದಾನೆ.

"ಒಂದು ಉಂಟು" ಎಂದೆ.

ನಮ್ಮ ಹೊಳೆಬದಿಯಲ್ಲಿ ಎರಡನೆಯ ಮದುವೆಯ ಹೆಣ್ಣಿಗೆ ಯಾರೂ ನಿಂತು ಹಾಡುವುದಿಲ್ಲ, ಚಪ್ಪಾಳೆ ತಟ್ಟುವುದಿಲ್ಲ. ಮಲ್ಲಿಗೆಯ ಹಾಡಿಲ್ಲ, ಕಾಲೆಳೆಯುವ ಹಾಡಿಲ್ಲ. ಅವಳಿಗೆ ಒಂದೇ ಒಂದು ಹಾಡು. ಹಿಂದಿನ ಕೋಣೆಯಲ್ಲಿ ಐದಾರು ಹೆಂಗಸರು ಚಾಪೆಯ ಮೇಲೆ ಕೂತು ಮೆಲ್ಲಗೆ ಹೇಳುತ್ತಾರೆ. ಬಾವಿಯ ನೀರು, ತುಂಬಿದ ಕೊಡ, ಮೆಟ್ಟಿಲಲ್ಲಿ ಜಾರದಂತೆ ನಡೆ ಎನ್ನುವಂಥ ಮಾತುಗಳು, ಅಷ್ಟೇ. ಎರಡನೆಯದು ಎನ್ನುವ ಸುಳಿವು ಎಲ್ಲಿಯೂ ಇಲ್ಲ. ಆದರೆ ಆ ರಾಗ ಕಿವಿಗೆ ಬಿದ್ದರೆ ಹೊಳೆಬದಿಯ ಯಾವ ಮುದುಕಿಯನ್ನು ಬೇಕಾದರೂ ಕೇಳಿ, ಅದು ಯಾವ ಹೆಣ್ಣಿಗೆ ಎಂದು ಹೇಳುತ್ತಾಳೆ. ಬೇರೆ ಯಾವ ಹೊತ್ತಿನಲ್ಲೂ ಅದನ್ನು ಯಾರೂ ಬಾಯಿಗೆ ತರುವುದಿಲ್ಲ. ನನಗೆ ಅದನ್ನು ಹೇಳಿದವಳು ನನ್ನ ಅಜ್ಜಿಯೇ. ಮೊದಲ ಮದುವೆಗೆ ಮನೆಯ ಮಾಡು ಹಾರಿಹೋಗುವ ಹಾಗೆ ಹಾಡಿದ್ದವಳು, ಆ ದಿನ ನನ್ನ ಕಾಲಿನ ಬಳಿ ಕೂತು ನನ್ನ ಮುಖ ನೋಡದೆ ಹಾಡಿದಳು. ನಾನು ಆ ಹಾಡನ್ನು ಆಮೇಲೆ ಒಬ್ಬಳೇ ಇದ್ದಾಗಲೂ ಗುನುಗಿಕೊಂಡಿರಲಿಲ್ಲ.

ಅದನ್ನು ಮೈದುನನಿಗೆ ಕಲಿಸಿದೆ. ನೆರೆಯವರಿಗೆ ಅಪಶಕುನವಾಗಲಿ ಎಂದು ತನ್ನ ಮೂಗು ಕೊಯ್ದುಕೊಂಡಳಂತೆ, ಆ ಜಾತಿಯ ಕೆಲಸ. ಅಜ್ಜಿಯ ಹಾಗೆ, ಅವನ ಮುಖ ನೋಡದೆ ಹಾಡಿದೆ. ಅವನು, "ವಾಹ್, ಇದರಲ್ಲಿ ಫೀಲಿಂಗ್ ಉಂಟು" ಎಂದ.

ಮನಸ್ಸಿನಲ್ಲೇ ಒಂದು ಷರತ್ತು ಹಾಕಿಕೊಂಡಿದ್ದೆ. ಇದು ಯಾವಾಗ ಹಾಡುವುದು ಎಂದು ಒಂದು ಸಲ ಕೇಳಿದರೆ ಸಾಕು, ನಿಜ ಹೇಳಿ ಕಳಿಸುತ್ತೇನೆ ಎಂದು. ಮುಕ್ಕಾಲು ಗಂಟೆ ಕೂತಿದ್ದ. ಮೂರು ಸಲ ಹಾಡಿಸಿದ. ಕೊಳಲು ಬೇಡ, ಪಿಟೀಲು ಹಾಕುತ್ತೇನೆ ಎಂದ. ಅದೊಂದನ್ನು ಕೇಳಲಿಲ್ಲ.

ನನ್ನ ಲೆಕ್ಕ ಇಷ್ಟೇ ಇತ್ತು. ಹಾಡು ಫೋನುಗಳಲ್ಲಿ ಹರಿದಾಡುತ್ತದೆ, ಊರಿನ ಮುದುಕಿಯರ ಕಿವಿಗೆ ಬೀಳುತ್ತದೆ, ಹಳ್ಳಿ ಹಾಡುಗಾರ ಎಂಬುವನಿಗೆ ಹಳ್ಳಿಯ ಹಾಡಿನ ತಲೆಬುಡ ಗೊತ್ತಿಲ್ಲ ಎಂದು ಇಡೀ ಕರಾವಳಿ ನಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಾನು ಖೋಬರಿನಲ್ಲಿ ಕೂತು ಆ ನಗುವನ್ನು ಕೇಳಿಸಿಕೊಳ್ಳಬೇಕು.

ಆದರೆ ಆ ವ್ಯಾಪಾರಿಯ ಮಗಳ ಮದುವೆ ಗೊತ್ತಾಯಿತು. ಹುಡುಗ ಜುಬೈಲಿನಲ್ಲಿ ಕೆಲಸದಲ್ಲಿದ್ದವನು. ಎರಡೂ ಕಡೆಯವರು ಇಲ್ಲೇ ಇದ್ದದ್ದರಿಂದ ಮದುವೆಯೂ ಇಲ್ಲೇ, ಇಸ್ತಿರಾಹದಲ್ಲಿ, ಶುಕ್ರವಾರ ಜುಮಾ ನಮಾಜಿನ ನಂತರ ಎಂದಾಯಿತು. ಆಲ್ಬಮ್ ಬಿಡುಗಡೆಯೂ ಅದೇ ದಿನ. ನಾಲ್ಕು ದಿನ ಮೊದಲು ಮೈದುನ ಗಂಡನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿಸಿ ನನಗೂ ಕೇಳುವಂತೆ ಹೇಳಿದ, "ಅತ್ತಿಗೆ ಕೊಟ್ಟ ಆ ಸ್ಲೋ ಹಾಡನ್ನು ಮದುಮಗಳಿಗೆ ಸರ ಹಾಕುವಾಗ ಹಾಕುದು. ಸರ್‌ಪ್ರೈಸ್!"

ಆಗ ಹೇಳಬಹುದಿತ್ತು. ಹೇಳಲಿಲ್ಲ. ಆ ಹುಡುಗಿ ಹುಟ್ಟಿದ್ದು ದಮಾಮಿನಲ್ಲಿ, ತಾಯಿ ಬೆಳೆದದ್ದು ಮುಂಬಯಿಯಲ್ಲಿ, ಇವರಿಗೆಲ್ಲ ಹೊಳೆಬದಿಯ ಹಾಡು ಏನು ಗೊತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು ಸಮಾಧಾನ ಎಂದು ಆಗಲೇ ಗೊತ್ತಿತ್ತು.

ಮದುವೆಯ ದಿನ ಮಗಳನ್ನು ಕರೆದುಕೊಂಡು ಹೆಂಗಸರ ಹಾಲ್‌ಗೆ ಕಾಲಿಟ್ಟರೆ ಮುಂದಿನ ಸಾಲಿನಲ್ಲಿ ಒಬ್ಬರು ಮುದುಕಿ ಕೂತಿದ್ದರು. ಮದುಮಗಳ ತಂದೆಯ ತಾಯಿ, ವಿಸಿಟ್ ವೀಸಾದಲ್ಲಿ ಊರಿನಿಂದ ಬಂದು ಹತ್ತು ದಿನವಾಗಿತ್ತಷ್ಟೆ. ಸಲಾಂ ಹೇಳಿ ಯಾವ ಊರು ಎಂದು ಮಾತಾಡುತ್ತಿದ್ದ ಹಾಗೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಹಾಡುವವಳ ಪುಳ್ಳಿಯಾ ನೀನು? ಮಗಳ ಮಗಳಾ? ಅಲ್ಲಾಹ್! ನನ್ನ ಮದುವೆಗೆ ಹಾಡಿದ್ದು ನಿನ್ನ ಅಜ್ಜಿಯೇ ಮಾರಾಯ್ತಿ. ಕೂತ್ಕೊ, ಇಲ್ಲೇ ನನ್ನ ಹತ್ರ ಕೂತ್ಕೊ."

ಕೂತೆ. ಮದುಮಗನ ತಾಯಿಯೂ ಹೊಳೆಯ ಆಚೆ ದಡದವರೇ ಎಂದು ಮುದುಕಿಯೇ ತೋರಿಸಿದರು. ಮದುಮಗಳನ್ನು ಕರೆತರಲು ಇನ್ನೂ ಅರ್ಧ ಗಂಟೆ ಇತ್ತು. ಬ್ಯಾಗಿನಿಂದ ಫೋನ್ ತೆಗೆದು ಮೈದುನನಿಗೆ 'ಆ ಹಾಡು ಹಾಕಬೇಡ' ಎಂದು ಬರೆದೆ. ಕಳಿಸುವ ಮೊದಲು ಅವನ ಪೋಸ್ಟರ್ ಕಣ್ಣಿಗೆ ಬಿತ್ತು. ಹಾಲ್‌ನ ಬಾಗಿಲಿಗೆ ಆಳೆತ್ತರಕ್ಕೆ ಅಂಟಿಸಿದ್ದರು. ಹಾಡು, ಸಂಗ್ರಹ, ಸಂಗೀತ. ಬರೆದದ್ದನ್ನು ಅಳಿಸಿ ಫೋನನ್ನು ಬ್ಯಾಗಿಗೆ ಹಾಕಿದೆ.

ಮದುಮಗಳು ಬಂದಳು. ಇಪ್ಪತ್ತೊಂದು ವರ್ಷದ ಹುಡುಗಿ, ಮೊಣಕೈ ತನಕ ಮದರಂಗಿ, ನಗು ತಡೆಯಲಾಗದೆ ತುಟಿ ಕಚ್ಚಿಕೊಂಡಿದ್ದಳು. ಅವಳನ್ನು ಕೂರಿಸಿದರು. ಮದುಮಗನ ತಾಯಿ ಚಿನ್ನದ ಸರವನ್ನು ಡಬ್ಬಿಯಿಂದ ತೆಗೆದು ಎರಡು ಕೈಯಲ್ಲಿ ಎತ್ತಿ ಹಿಡಿದರು. ಗಂಡಸರ ಹಾಲ್‌ನಿಂದ ವಯರ್ ಎಳೆದು ನಮ್ಮ ಕಡೆಗೂ ಒಂದು ಸ್ಪೀಕರ್ ಇಟ್ಟಿದ್ದರು. ಅದರಲ್ಲಿ ಮೈದುನನ ಮಾತು ಕೇಳಿತು: ಈಗ ಮದುಮಗಳಿಗಾಗಿ, ನನ್ನ ಮೊದಲ ಆಲ್ಬಮ್‌ನಿಂದ, ಒಂದು ವಿಶೇಷ ಹಾಡು.

ಪಿಟೀಲು, ಕೀಬೋರ್ಡು, ಸಾಲದ್ದಕ್ಕೆ ಚಪ್ಪಾಳೆ ಬೇರೆ ಸೇರಿಸಿದ್ದ ಪುಣ್ಯಾತ್ಮ. ಆದರೆ ರಾಗವನ್ನು ನಾನು ಸರಿಯಾಗಿ ಕಲಿಸಿದ್ದೆ.

ಮೊದಲ ಸಾಲು ಮುಗಿಯುವಷ್ಟರಲ್ಲಿ ಪಕ್ಕದ ಮುದುಕಿಯ ಕೈ ನನ್ನ ಕೈಯಿಂದ ಕಳಚಿತು. ಮದುಮಗನ ತಾಯಿ ಸರ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದರು. ಹಿಂದಿನ ಸಾಲಿನಲ್ಲಿ ಊರಿನಿಂದ ಬಂದಿದ್ದ ಇನ್ನಿಬ್ಬರು ಮುಖ ಮುಖ ನೋಡಿಕೊಂಡು ಪಕ್ಕದವರ ಕಿವಿಗೆ ಬಾಗಿದರು. ಆ ಪಕ್ಕದವರು ಅವರ ಪಕ್ಕದವರಿಗೆ. ಆ ಪಿಸುಮಾತು ಕುರ್ಚಿಯಿಂದ ಕುರ್ಚಿಗೆ ಹೋಗುವುದು ನನಗೆ ಕಾಣುತ್ತಿತ್ತು.

"ಇದೆಂತದು?" ಮದುಮಗನ ತಾಯಿ ಮದುಮಗಳ ತಾಯಿಯನ್ನು ಮೆಲ್ಲಗೆ ಕೇಳಿದರು. "ನಮಗೆ ಹೇಳದ್ದು ಎಂತಾದ್ರೂ ಉಂಟಾ?"

"ಎಂತ ಹೇಳದ್ದು?" ಮುಂಬಯಿಯಲ್ಲಿ ಬೆಳೆದ ಹೆಂಗಸು, ಪಾಪ, ನಗುತ್ತಲೇ ಕೇಳಿದಳು.

"ಹುಡುಗಿಗೆ ಇದು ಎಷ್ಟನೆಯದು?"

ಮದುಮಗಳಿಗೆ ಅರ್ಥವಾಗಲಿಲ್ಲ. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ತುಟಿಯ ನಗು ಹೋಯಿತು. ಕಣ್ಣು ತುಂಬಿತು, ಕಾಡಿಗೆ ಕಲೆಯಾಗುತ್ತದೆಂದು ಒರೆಸಿಕೊಳ್ಳಲೂ ಆಗದೆ ಎರಡೂ ಕೈಯನ್ನು ಮಡಿಲಲ್ಲಿ ಹಾಗೇ ಇಟ್ಟುಕೊಂಡಳು. ಮುದುಕಿ ಎದ್ದು ನಿಂತು, "ಯಾರು ಹಾಕಿದ್ದು ಇದನ್ನು? ಯಾರು? ನಿಲ್ಸಿ!" ಎಂದು ಕೂಗಿದರು. ಗೋಡೆಯ ಆಚೆ ಯಾರಿಗೂ ಕೇಳಲಿಲ್ಲ.

ನಾಲ್ಕು ನಿಮಿಷದ ಹಾಡು. ನಾನು ಕೂತೇ ಇದ್ದೆ.

ಇದನ್ನು ಬರೆಯದಿದ್ದರೆ ಮಿಕ್ಕದ್ದನ್ನು ಬರೆದು ಪ್ರಯೋಜನವಿಲ್ಲ. ಆ ಹೊತ್ತಿನಲ್ಲಿ ನನಗೆ ಖುಷಿಯಾಗುತ್ತಿತ್ತು. ತಗೋ, ಹಾಡು, ಇನ್ನೂ ಹಾಡು, ಸ್ವರ ಅಳಿಸುತ್ತೀಯಾ, ಈಗ ಅಳಿಸು ನೋಡುವ ಎಂದು ಒಳಗೆ ಹೇಳಿಕೊಳ್ಳುತ್ತಿದ್ದೆ. ಹಸಿದವಳಿಗೆ ಬಿಸಿ ಅನ್ನ ಸಿಕ್ಕಿದ ಹಾಗಿತ್ತು. ಕೊನೆಯ ಚರಣ ಬರುವ ತನಕ ಉಂಡೆ.

ಎದ್ದದ್ದು ಮದುಮಗನ ತಾಯಿ ಸರವನ್ನು ತಿರುಗಿ ಡಬ್ಬಿಗೆ ಹಾಕಲು ಹೋದಾಗ.

"ನಿಲ್ಲಿ" ಎಂದೆ. ಹಾಡುವ ಗಂಟಲು, ಹಾಲ್‌ನ ಕೊನೆಯವರೆಗೂ ಕೇಳಿರಬೇಕು. "ಆ ಹಾಡು ಈ ಹುಡುಗಿದ್ದಲ್ಲ. ನಂದು. ನನ್ನ ಎರಡನೇ ಮದುವೆಗೆ ನನ್ನ ಅಜ್ಜಿ ಹೇಳಿದ್ದು. ಅವನಿಗೆ ಕಲಿಸಿದ್ದು ನಾನು. ಯಾವಾಗ ಹೇಳುವ ಹಾಡು ಅಂತ ಅವ ಕೇಳ್ಲಿಲ್ಲ, ನಾನು ಬೇಕಂತಲೇ ಹೇಳ್ಲಿಲ್ಲ. ಈ ಹುಡುಗಿಗೆ ಇದು ಮೊದಲನೆಯದೇ. ಅಲ್ಲಾಹನ ಆಣೆ."

ಹಾಡೂ ಆಗಲೇ ಮುಗಿಯಿತು. ಆಚೆ ಹಾಲ್‌ನಲ್ಲಿ ಗಂಡಸರು ಚಪ್ಪಾಳೆ ತಟ್ಟುವುದು ಸ್ಪೀಕರಿನಲ್ಲಿ ಕೇಳಿತು. ನನ್ನ ಮಗಳು ಪಕ್ಕದಲ್ಲೇ ನಿಂತಿದ್ದಳು. "ಸೆಕೆಂಡ್?" ಎಂದಳು, ಅಷ್ಟೇ. ಮದುಮಗನ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಕೈಯಲ್ಲಿದ್ದ ಸರವನ್ನು ಹುಡುಗಿಯ ಕೊರಳಿಗೆ ಹಾಕಿ, ತಮ್ಮ ಸೆರಗಿನ ತುದಿಯಿಂದ ಅವಳ ಕಣ್ಣೊರೆಸಿದರು.

ಸುದ್ದಿ ಗೋಡೆ ದಾಟಲು ಹೊತ್ತು ಹಿಡಿಯಲಿಲ್ಲ. ಮದುಮಗಳ ತಂದೆ ಎಲ್ಲರೆದುರು ಮೈದುನನ ಕೈಯಿಂದ ಮೈಕ್ ಕಿತ್ತುಕೊಂಡರಂತೆ. ಪೋಸ್ಟರನ್ನು ಅವರ ತಮ್ಮಂದಿರು ಹರಿದರು. ಹತ್ತು ನಿಮಿಷದಲ್ಲಿ ಹೆಂಗಸರ ಕಡೆಯ ಬಾಗಿಲಿನ ಹೊರಗೆ ಅವನ ಸ್ವರ ಕೇಳಿತು. ಹೋದೆ.

"ಅತ್ತಿಗೆ, ಎಂತ ಮಾಡಿಬಿಟ್ರಿ? ನನ್ನ ಮೊದಲ ಆಲ್ಬಮ್! ನನ್ನನ್ನು ಮುಗಿಸಿಬಿಟ್ರಿ."

"ಸಂಗ್ರಹ ನಿಂದಲ್ವಾ?" ಎಂದೆ. "ನನ್ನನ್ನು ಎಂತಕ್ಕೆ ಕೇಳ್ತಿ?"

ಅವನು ಅತ್ತ. ನಲವತ್ತು ದಾಟಿದ ಗಂಡಸು, ಇಸ್ತಿರಾಹದ ಅಂಗಳದಲ್ಲಿ, ಬಿಸಿಲಿನಲ್ಲಿ ನಿಂತು ಅತ್ತ. ನನಗೆ ಒಂದಿಷ್ಟೂ ಕನಿಕರ ಹುಟ್ಟಲಿಲ್ಲ. ಎರಡು ವರ್ಷವಾಯಿತು, ಇವತ್ತಿಗೂ ಹುಟ್ಟಿಲ್ಲ. ಆಲ್ಬಮ್ ಅಲ್ಲಿಗೇ ನಿಂತಿತು. ನಮ್ಮ ಕಡೆಯ ಮದುವೆಗೆ ಅವನನ್ನು ಹಾಡಲು ಯಾರೂ ಕರೆಯುವುದಿಲ್ಲ. ತಿರುಗಿ ಹಿಂದಿ ಸಿನೆಮಾ ಹಾಡಿಗೇ ಹೋಗಿದ್ದಾನೆ. ಪೆರ್ನಾಲ್ ಹಬ್ಬಕ್ಕೆ ಅಣ್ಣನ ಮನೆ ಎಂದು ಬರುತ್ತಾನೆ, ನನ್ನೊಡನೆ ಮಾತಿಲ್ಲ. ನಾನು ಬಟ್ಟಲಿಗೆ ಎರಡು ತುಂಡು ಮಾಂಸ ಹೆಚ್ಚಾಗಿಯೇ ಬಡಿಸುತ್ತೇನೆ, ತಲೆ ತಗ್ಗಿಸಿ ತಿನ್ನುವುದನ್ನು ನೋಡಲಿಕ್ಕೆ. ನನ್ನ ಗಂಡ ಹೇಳಿದ್ದು ಒಂದೇ ಮಾತು: "ಆ ದಿನವೇ ನನಗೆ ಹೇಳಿದ್ದಿದ್ರೆ ನಾನೇ ಅವನಿಗೆ ನಾಲ್ಕು ಬಿಡ್ತಿದ್ದೆ." ಮಗಳು ಒಂದು ವಾರ ಮಾತಾಡಲಿಲ್ಲ. ಆಮೇಲೆ ಒಂದೊಂದಾಗಿ ಕೇಳಿದಳು, ನಾನೂ ಒಂದೊಂದಾಗಿ ಹೇಳಿದೆ.

ಹೀಗೆ ನೋಡಿದರೆ ಗೆದ್ದದ್ದು ನಾನೇ. ಆದರೆ ಆ ದಿನ ಊಟ ಮುಗಿಸಿ ಕೈ ತೊಳೆಯಲು ಹೋದಾಗ ನಡೆದದ್ದೂ ಇದೆ. ತೊಟ್ಟಿಯ ಹತ್ತಿರ ಆ ಮುದುಕಿ ಒಬ್ಬರೇ ನಿಂತಿದ್ದರು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ. ನಳದ ಕೆಳಗೆ ಕೈ ಹಿಡಿದುಕೊಂಡೇ ಕೇಳಿದರು.

"ನಿನಗೆ ಮೊದಲ ಸಾಲಿಗೇ ಗೊತ್ತಾಗಿದೆ. ಅಲ್ವಾ ಮಗಳೇ?"

"ಹೌದು ಉಮ್ಮ."

"ಮತ್ತೆ ಕಡೆವರೆಗೆ ಎಂತಕ್ಕೆ ಕೂತೆ?"

ಅಜ್ಜಿಯ ಹಾಡು ಕೇಳಿ ಮದುವೆಯಾದ ಹೆಂಗಸಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅವನಿಗೆ ಪೆಟ್ಟು ಬೀಳ್ತಾ ಉಂಟಲ್ಲ ಅಂತ ಖುಷಿ ಆಗ್ತಿತ್ತು" ಎಂದೆ.

ಅವರು ನಳ ತಿರುಗಿಸಿ ನಿಲ್ಲಿಸಿದರು.

"ಅವ ಆಚೆ ಹಾಲ್‌ನಲ್ಲಿ ನಗ್ತಾ ನಿಂತಿದ್ದ ಮಗಳೇ. ನಾಲ್ಕು ನಿಮಿಷ ಬಿದ್ದದ್ದೆಲ್ಲ ನನ್ನ ಪುಳ್ಳಿಗೆ."

ನೆಲ ಒದ್ದೆಯಾಗಿತ್ತು. ಜಾರೀತೆಂದು ನಾನು ಅವರ ಕೈ ಹಿಡಿಯಲು ಮುಂದೆ ಹೋದೆ. ಅವರು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದುಕೊಂಡು ಒಳಗೆ ಹೋದರು.